ಮೇಲಿನಿಂದ ಬಂದ ಅಂಗಿ

ಠಸ್ಸೆ ಸಾಹೇಬರು ಆ ಅಂಗಿಯನ್ನು ಕೊಂಡದ್ದು ತೆಳ್ಳಗಾಗುವುದಕ್ಕಲ್ಲ, ತೆಳ್ಳಗಿದ್ದೇನೆ ಅಂತ ತೋರಿಸಿಕೊಳ್ಳುವುದಕ್ಕೆ. ಈ ಎರಡರ ವ್ಯತ್ಯಾಸ ಗೊತ್ತಿದ್ದವರು ವ್ಯಾಯಾಮ ಮಾಡುತ್ತಾರೆ. ಗೊತ್ತಿಲ್ಲದವರು ಅಂಗಡಿಗೆ ಹೋಗುತ್ತಾರೆ.

ಸಾಹೇಬರು ಅಂದರೆ ದೊಡ್ಡ ಅಧಿಕಾರಿ ಅಂದುಕೊಳ್ಳಬೇಡಿ. ಗ್ರಾಹಕರ ದೂರು ಕಚೇರಿಗೆ ಬಂದ ದೂರುಗಳ ಮೇಲೆ ‘ಸ್ವೀಕರಿಸಲಾಗಿದೆ’ ಎಂದು ಠಸ್ಸೆ ಒತ್ತುವುದು ಅವರ ಕೆಲಸ. ಒತ್ತಿದ ಮೇಲೆ ಆ ದೂರು ಎಲ್ಲಿಗೆ ಹೋಗುತ್ತದೆ, ಏನಾಗುತ್ತದೆ ಅನ್ನುವುದನ್ನು ಅವರು ಇಷ್ಟು ವರ್ಷ ವಿಚಾರಿಸಿರಲಿಲ್ಲ. ಅದು ಬೇರೆ ಸೆಕ್ಷನ್ನು. ಅಪ್ಪ ಅಮ್ಮ ಇಟ್ಟ ಹೆಸರು ಅವರಿಗೂ ಒಂದಿತ್ತು. ಆದರೆ ಹಾಗೆ ಕರೆಯುವವರು ಯಾರೂ ಇಲ್ಲದೆ ಅದು ತುಕ್ಕು ಹಿಡಿದಿತ್ತು.

ಎಲ್ಲಕ್ಕೂ ಮೂಲ ಒಂದು ಫೋಟೋ. ಕಚೇರಿಯವರೆಲ್ಲ ಸೇರಿ ತೆಗೆಸಿಕೊಂಡ ಗ್ರೂಪ್ ಫೋಟೋದಲ್ಲಿ ಅವರು ನಿಂತಿದ್ದು ಎರಡನೆಯ ಸಾಲಿನಲ್ಲಿ. ಹೊಟ್ಟೆ ಮಾತ್ರ ಮೊದಲನೆಯ ಸಾಲಿಗೆ ಬಂದಿತ್ತು. ಅಲ್ಲಿ ಕುರ್ಚಿಯ ಮೇಲೆ ಕುಳಿತಿದ್ದ ಕಚೇರಿಯ ಮುಖ್ಯಸ್ಥೆ ಮೇಡಂ ತಲೆಯ ಮೇಲೆ ಅದು ಮಾಡಿನ ಹಾಗೆ ಚಾಚಿಕೊಂಡಿತ್ತು. ಫೋಟೋ ನೋಡಿದ ಟೈಪಿಸ್ಟು, “ಸಾಹೇಬ್ರೇ, ಮೇಡಂಗೆ ನೆರಳು ಮಾಡಿದ್ದೀರಲ್ಲ, ಪುಣ್ಯ ಬರತ್ತೆ” ಅಂದಳು. ಇಡೀ ಕಚೇರಿ ನಕ್ಕಿತು. ಸಾಹೇಬರೂ ನಕ್ಕರು. ನಕ್ಕಾಗ ಹೊಟ್ಟೆ ಅಲುಗಾಡಿದ್ದನ್ನು ಕಂಡು ಇಡೀ ಕಚೇರಿ ಮತ್ತೊಮ್ಮೆ ನಕ್ಕಿತು.

ಸಂಜೆ ಅವರು ಸೀದಾ ವ್ಯಾಯಾಮದ ಉಡುಪಿನ ಅಂಗಡಿಗೆ ಹೋದರು. ಬಾಗಿಲಲ್ಲೇ ಆಳೆತ್ತರದ ಒಂದು ಪೋಸ್ಟರು. ಅದರಲ್ಲಿ ಮೈಯೆಲ್ಲ ಗಂಟುಗಂಟಾದ ಒಬ್ಬ ತರುಣ ಗಿಣಿಹಸಿರು ಅಂಗಿ ತೊಟ್ಟು ಬೆಟ್ಟವೊಂದನ್ನು ಗದರಿಸುವವನಂತೆ ನಿಂತಿದ್ದ. ಪಕ್ಕದಲ್ಲಿ ದಪ್ಪಕ್ಷರ: ‘ಬೆವರನ್ನು ಕ್ಷಣದಲ್ಲಿ ಓಡಿಸುತ್ತದೆ! ಸುಸ್ತನ್ನು ಹತ್ತಿರ ಬಿಡುವುದಿಲ್ಲ! ಸುಮ್ಮನೆ ಕೂತರೂ ಕೊಬ್ಬು ಕರಗಿಸುತ್ತದೆ! ವಿಜ್ಞಾನಿಗಳು ಪರೀಕ್ಷಿಸಿದ್ದು!’

“ಯಾವ ವಿಜ್ಞಾನಿಗಳು?” ಸಾಹೇಬರು ಗತ್ತಿನಿಂದ ಕೇಳಿದರು.

“ವಿದೇಶದವ್ರು ಸಾರ್,” ಅಂದ ಅಂಗಡಿಯವನು.

“ಯಾವ ದೇಶ?”

“ತುಂಬಾ ದೂರದ್ದು ಸಾರ್.”

ಅಷ್ಟು ದೂರದವರು ಸುಳ್ಳು ಹೇಳಲು ಇಲ್ಲಿಯವರೆಗೂ ಬರಲಾರರು ಎಂದು ಸಾಹೇಬರಿಗೆ ಸಮಾಧಾನವಾಯಿತು. ಅಂಗಡಿಯವನು ಅವರನ್ನು ಮೇಲಿಂದ ಕೆಳಗೆ ನೋಡಿ ದೊಡ್ಡದೊಂದು ಅಂಗಿ ತೆಗೆದ. ಅವರು ಬೇಡವೆಂದು ತಾವು ಮದುವೆಯಾದ ಕಾಲದ ಅಳತೆ ಹೇಳಿದರು. ಅವನೂ ವ್ಯಾಪಾರಸ್ಥ, ತುಟಿ ಪಿಟಕ್ಕೆನ್ನಲಿಲ್ಲ.

ಮರುದಿನ ಬೆಳಿಗ್ಗೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡ ಸಾಹೇಬರು ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ಒಳಗಿನಿಂದ ಬಕೆಟ್ಟು ಉರುಳಿದ ಸದ್ದು, ಗೋಡೆಗೆ ಏನೋ ಬಡಿದ ಸದ್ದು, ಆಗಾಗ ಒಂದು ನರಳಾಟ. ಅವರ ಹೆಂಡತಿ ಶಾಲೆಯಲ್ಲಿ ಟೀಚರು. ಕೊನೆಯ ಬೆಂಚಿನವರೆಗೆ ಮುಟ್ಟುವ ದನಿಯಲ್ಲಿ ಕೇಳಿದಳು: “ರೀ, ಒಳಗೆ ಯಾರನ್ನಾದ್ರೂ ಹೊಡೀತಾ ಇದ್ದೀರಾ?”

“ಇಲ್ಲ ಕಣೆ. ಅಂಗಿ ಹಾಕ್ಕೊಳ್ತಾ ಇದ್ದೀನಿ.”

“ಹಾಕ್ಕೊಳ್ತಾ ಇದ್ದೀರೋ, ಅದೇ ನಿಮ್ಮನ್ನ ಹಾಕ್ಕೊಳ್ತಾ ಇದ್ಯೋ?”

ನಡುಮನೆಯ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಮಾವನವರು ಕಿವಿ ನಿಮಿರಿಸಿದರು. ಹೆಂಡತಿಯ ತಂದೆ, ನಿವೃತ್ತ ಬಸ್ ಡ್ರೈವರು. ಹೃದಯದ ಆಪರೇಷನ್ ಆದ ಮೇಲೆ ಮಗಳ ಮನೆಗೆ ಬಂದವರು. ಡಾಕ್ಟರು ದಿನಾ ನಡೆಯಬೇಕು ಅಂದಿದ್ದರು. ಮನೆಗೆ ಬಂದ ಹೊಸದರಲ್ಲಿ ಒಂದು ದಿನ ಬೀದಿಯ ತಿರುವಿನವರೆಗೆ ಹೋದರು. ಅಲ್ಲಿ ಉಸಿರು ಕಟ್ಟಿದಂತಾಗಿ ಯಾರದೋ ಜಗಲಿಯ ಮೇಲೆ ಕುಸಿದು ಕುಳಿತರು. ಅವತ್ತು ಮನೆಗೆ ಬಂದು ಹಿಡಿದ ಕುರ್ಚಿಯನ್ನು ಇನ್ನೂ ಬಿಟ್ಟಿರಲಿಲ್ಲ. ಮಗಳು ಗೋಗರೆದರೆ, “ಜೀವಮಾನವೆಲ್ಲ ತಿರುಗಿದ್ದೀನಮ್ಮ, ಇನ್ನು ಊರೇ ಬೇಕಾದ್ರೆ ನನ್ನ ಮುಂದೆ ತಿರುಗಲಿ” ಅನ್ನುತ್ತಿದ್ದರು. ನಗುತ್ತಲೇ ಅನ್ನುತ್ತಿದ್ದರು. ಆದರೆ ಚಪ್ಪಲಿಯನ್ನು ಮಂಚದ ಕೆಳಗೆ, ಗೋಡೆಯವರೆಗೂ ತಳ್ಳಿಬಿಟ್ಟಿದ್ದರು.

ಕೊನೆಗೆ ಬಾಗಿಲು ತೆರೆಯಿತು. ಗಿಣಿಹಸಿರು ಅಂಗಿಯೊಳಗೆ ಸಾಹೇಬರು, ದಾರ ಕಟ್ಟಿದ ದಿಂಬಿನ ಹಾಗೆ ನಿಂತಿದ್ದರು. ಹೊಟ್ಟೆ ಕಾಣೆಯಾಗಿರಲಿಲ್ಲ, ಎದೆಗೆ ವರ್ಗವಾಗಿತ್ತು.

“ಬಿಚ್ಚಿ, ನಗು ತಡ್ಕೊಳ್ಳೋಕಾಗಲ್ಲ,” ಅಂದಳು ಹೆಂಡತಿ.

“ಬಿಚ್ಚೋಕೇ ಆಗ್ತಾ ಇಲ್ಲ ಕಣೆ.”

ಎಳೆದಾಯಿತು. ಮಾವನವರು ಕುಳಿತಲ್ಲಿಂದಲೇ ಕೈ ಆಡಿಸುತ್ತ, “ಸ್ವಲ್ಪ ರಿವರ್ಸ್ ತಗೊಳ್ಳಿ ಅಳಿಯಂದಿರೇ... ಲೆಫ್ಟ್ ಹೊಡೀರಿ... ಇನ್ನೂ ಲೆಫ್ಟ್... ಹೋಲ್ಡಾನ್, ಹಿಂದೆ ಗೋಡೆ ಇದೆ!” ಎಂದು ಮಾರ್ಗದರ್ಶನ ಮಾಡಿದರು. ಅಂಗಿ ಕಂಕುಳಿನ ಗಡಿ ದಾಟಲಿಲ್ಲ. ಗಡಿಯಾರ ಮಾತ್ರ ಆಫೀಸಿನ ಹೊತ್ತನ್ನು ದಾಟುತ್ತಿತ್ತು. ಸಾಹೇಬರು ಅದರ ಮೇಲೇ ದಿನದ ಷರ್ಟು ತೊಟ್ಟು, ಕತ್ತಿನ ಗುಂಡಿ ಹಾಕಿ, ಉಸಿರನ್ನು ಕಂತುಕಂತಾಗಿ ಎಳೆದುಕೊಳ್ಳುತ್ತ ಕಚೇರಿಗೆ ಹೊರಟರು.

ಕಚೇರಿಯಲ್ಲಿ ಅವತ್ತೇ ಫ್ಯಾನು ಕೆಡಬೇಕೇ! ತಡೆಯಲಾರದೆ ಕತ್ತಿನ ಗುಂಡಿ ಬಿಚ್ಚಿದರು. ಬಿಚ್ಚಿದ ಕ್ಷಣವೇ ಮೇಡಂ ಆ ಕಡೆ ಬಂದರು. ಅವರು ಕಟ್ಟುನಿಟ್ಟಿನ ಅಧಿಕಾರಿ. ಕಚೇರಿಯ ಗೋಡೆಯ ಹಲ್ಲಿಗಳೂ ಅವರು ಬಂದರೆ ಸಾಲಾಗಿ ನಿಲ್ಲುತ್ತವೆ ಎಂಬ ಪ್ರತೀತಿ ಇತ್ತು.

“ಏನ್ರೀ ಅದು, ಕುತ್ತಿಗೆ ಹತ್ರ ಹಸಿರಾಗಿ?”

ತೆಳ್ಳಗೆ ಕಾಣಲು ಅಂತ ಹೇಳುವುದು ಹೇಗೆ? ಸಾಹೇಬರು ಬಾಯಿಗೆ ಏನು ಬಂತೋ ಅದನ್ನೇ ಹೇಳಿದರು: “ಪರೀಕ್ಷೆ ಮೇಡಂ.”

“ಏನು ಪರೀಕ್ಷೆ?”

“ಈ ವ್ಯಾಯಾಮದ ಬಟ್ಟೆ ಬಗ್ಗೆ ಜಾಹೀರಾತಿನಲ್ಲಿ ಏನೇನೋ ಹೇಳ್ತಾರಲ್ಲ ಮೇಡಂ. ಅದೆಲ್ಲ ನಿಜವೋ ಸುಳ್ಳೋ ಅಂತ...”

ಮೇಡಂ ಮುಖ ಗಂಭೀರವಾಯಿತು. ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ ಕೇಳಿದರು: “ಮೇಲಿನಿಂದ ಬಂದದ್ದಾ?”

ಅಂಗಿ ತಲೆಯ ಮೇಲಿನಿಂದ ಬಂತೇ ಎಂದು ಕೇಳುತ್ತಿದ್ದಾರೆ ಅಂದುಕೊಂಡರು ಸಾಹೇಬರು. ಬೆಳಗಿನಿಂದ ಅವರ ಮನಸ್ಸಿನಲ್ಲಿ ಬೇರೆ ವಿಷಯಕ್ಕೆ ಜಾಗವೇ ಇರಲಿಲ್ಲ. “ಹೌದು ಮೇಡಂ, ಮೇಲಿನಿಂದಲೇ ಬಂತು. ಮೊದಲು ಕೆಳಗಿನಿಂದ ಪ್ರಯತ್ನ ಪಟ್ಟೆ, ಮಧ್ಯದಲ್ಲೇ ಸಿಕ್ಕಿಹಾಕ್ಕೊಂಡು ಬಿಡ್ತು.”

“ಕೆಳಗಿನಿಂದ ಹೋದದ್ದೆಲ್ಲ ಹಾಗೇ ರೀ, ಮಧ್ಯದಲ್ಲೇ ಸಿಕ್ಕಿಹಾಕ್ಕೊಳ್ಳತ್ತೆ,” ಮೇಡಂ ಅನುಭವದಿಂದ ತಲೆದೂಗಿದರು.

“ತುಂಬಾ ಬಿಗಿ ಮೇಡಂ.”

“ಬಿಗಿಯಾಗೇ ಇರಬೇಕು.”

“ಉಸಿರು ಬಿಡೋ ಹಾಗೇ ಇಲ್ಲ.”

“ಅರ್ಥ ಆಯ್ತು,” ಅಂದರು ಮೇಡಂ. “ನಾನೂ ಯಾರ ಹತ್ರಾನೂ ಉಸಿರು ಬಿಡಲ್ಲ.”

ಹೀಗೆ, ಕೇಂದ್ರ ಕಚೇರಿಯ ದೊಡ್ಡವರು ಠಸ್ಸೆ ಸಾಹೇಬರಿಗೆ ಗುಟ್ಟಿನ ತನಿಖೆಯೊಂದನ್ನು ವಹಿಸಿದ್ದಾರೆ ಎಂಬುದು ಮೇಡಂ ಮನಸ್ಸಿನಲ್ಲಿ ಇತ್ಯರ್ಥವಾಯಿತು. ಊಟದ ಹೊತ್ತಿಗೆ ಸಾಹೇಬರ ಮುರುಕಲು ಸ್ಟೂಲು ಹೋಗಿ ಕೈಯಿರುವ ಕುರ್ಚಿ ಬಂತು. ಟೈಪಿಸ್ಟು ತಾನಾಗಿಯೇ ಟೀ ತಂದುಕೊಟ್ಟಳು. ಯಾಕೆ ಅಂತ ಸಾಹೇಬರಿಗೆ ಹೊಳೆಯಲಿಲ್ಲ. ಅಂಗಿಯ ಪ್ರಭಾವ ಅಂದುಕೊಂಡರು. ಇನ್ನು ಗುಟ್ಟಿನ ತನಿಖೆಯ ಲಕ್ಷಣ ನಿಮಗೆ ಗೊತ್ತೇ ಇದೆ. ಸಂಜೆಯೊಳಗೆ ಅದು ಅಂಗಡಿಯವನ ಕಿವಿಗೂ ಬಿತ್ತು.

ಅವನು ಎದ್ದೆನೋ ಬಿದ್ದೆನೋ ಅಂತ ಸಾಹೇಬರ ಮನೆಗೆ ಓಡಿಬಂದ. ಬಾಗಿಲು ತೆರೆದೇ ಇತ್ತು. ಕಿಟಕಿಯ ಬಳಿ ಮಾವನವರು ಒಬ್ಬರೇ ಇದ್ದರು.

“ಸಾಹೇಬ್ರು ಇದ್ದಾರಾ ಸ್ವಾಮಿ?”

“ಒಳಗೆ ಇದ್ದಾರೆ. ಅಂಗಿ ವಿಚಾರಣೆ ನಡೀತಾ ಇದೆ,” ಅಂದರು ಮಾವನವರು.

ಒಳಗೆ ನಡೆಯುತ್ತಿದ್ದುದು ಬಿಚ್ಚುವ ಕಾರ್ಯಕ್ರಮ. ಹೆಂಡತಿ ಒಂದು ಕಡೆ ಎಳೆಯುತ್ತಿದ್ದಳು. ಎದುರುಮನೆಯ ನರ್ಸಮ್ಮ, ಅಂದರೆ ಆಸ್ಪತ್ರೆಯಲ್ಲಿ ಎಂಥೆಂಥ ಹಟಮಾರಿಗಳಿಗೂ ಇಂಜೆಕ್ಷನ್ ಚುಚ್ಚಿ ಹೆಸರಾದ ಗಟ್ಟಿಗಿತ್ತಿ, ಡಬ್ಬಿಯ ಪೌಡರು ಸುರಿದು ಇನ್ನೊಂದು ಕಡೆ ಎಳೆಯುತ್ತಿದ್ದರು. ಗೋಡೆಯಾಚೆ ನಿಂತ ಅಂಗಡಿಯವನಿಗೆ ಕೇಳಿದ್ದು ಇಷ್ಟು:

“ಅಯ್ಯೋ, ಬಿಟ್ಟುಬಿಡಿ!”

“ಬಿಡೋ ಮಾತೇ ಇಲ್ಲ. ಇವತ್ತು ಹೊರಗೆ ಬರಲೇಬೇಕು!”

“ಚರ್ಮ ಸುಲೀತಾ ಇದೆ!”

“ಸುಲೀಲಿ! ಎಷ್ಟು ದಿನ ಅಂತ ಒಳಗೇ ಇಟ್ಕೊಳ್ತೀರಾ?”

ಅಂಗಡಿಯವನು ಬಾಗಿಲ ಕಡೆ ಒಂದು ಹೆಜ್ಜೆ ಹಿಂದೆ ಸರಿದ. ತನಗಿಂತ ಮೊದಲೇ ಯಾರೋ ವ್ಯಾಪಾರಿ ಸಿಕ್ಕಿಬಿದ್ದಿದ್ದಾನೆ, ಸತ್ಯ ಹೊರಡಿಸುತ್ತಿದ್ದಾರೆ ಎಂದುಕೊಂಡ. ಅಷ್ಟರಲ್ಲಿ ಫಟ್ ಎಂದು ಸದ್ದಾಗಿ, ಪೌಡರಿನ ಮೋಡದೊಳಗಿಂದ ಬರಿಮೈಯ ಸಾಹೇಬರು ಅಂಗಿ ಹಿಡಿದು ಹೊರಗೆ ಬಂದರು. ಮುಖದಲ್ಲಿ ಜೈಲಿನಿಂದ ಬಿಡುಗಡೆಯಾದವರ ಕಳೆ.

ಅಂಗಡಿಯವನು ಕೈ ಮುಗಿದ. “ಸಾರ್, ನಾನು ಪೋಸ್ಟರ್ ಬರೆದವನಲ್ಲ, ಬರೀ ಅಂಟಿಸಿದವನು. ಮೇಲಿನಿಂದ ತನಿಖೆ ಬಂದಿದೆ, ನಿಮ್ಮ ಕೈಲಿ ಪರೀಕ್ಷೆ ಮಾಡಿಸ್ತಾ ಇದ್ದಾರೆ ಅಂತ ನಿಮ್ಮ ಆಫೀಸಿನಲ್ಲೇ ಹೇಳಿದ್ರು. ದಯವಿಟ್ಟು ಅಂಗಡಿ ಮುಚ್ಚಿಸಬೇಡಿ.”

ಸಾಹೇಬರಿಗೆ ಆಗ ಅರ್ಥವಾಯಿತು, ಕೈಯಿರುವ ಕುರ್ಚಿ ಯಾಕೆ ಬಂತು ಅಂತ. “ಇಲ್ಲಪ್ಪ, ಅದು ಹಾಗಲ್ಲ,” ಎಂದು ಬಾಯಿ ತೆರೆದರು. ಆದರೆ ಹೆದರಿದ ವ್ಯಾಪಾರಿಗೆ ಮಾತು ನಿಲ್ಲಿಸುವುದು ಗೊತ್ತಿರುವುದಿಲ್ಲ.

“ಬಟ್ಟೆ ಮಾತ್ರ ಅಪ್ಪಟ ಸಾರ್! ಇದನ್ನ ಹಾಕ್ಕೊಂಡವರ ಮುಂದೆ ಮಾಮೂಲಿ ಬಟ್ಟೆಯವರು ನಾಲ್ಕು ಹೆಜ್ಜೆ ಇಡಲಾರರು. ಈಗ ನೋಡಿ, ಈ ಯಜಮಾನ್ರ ಹಾಗೆ ಇಂಥ ಹಳೇ ಪ್ಯಾಂಟು ಹಾಕ್ಕೊಂಡ್ರೆ ಯಾರಿಗೆ ತಾನೆ ಕುರ್ಚಿಯಿಂದ ಏಳೋಕೆ ಮನಸ್ಸು ಬರತ್ತೆ?”

ಮಾವನವರು ತಮ್ಮ ಖಾಕಿ ಪ್ಯಾಂಟನ್ನೊಮ್ಮೆ ನೋಡಿಕೊಂಡರು. ಡ್ರೈವರಾಗಿದ್ದಾಗ ಇಲಾಖೆ ಕೊಟ್ಟ ಪ್ಯಾಂಟು. ನಿವೃತ್ತರಾದರೂ ಅದನ್ನು ಬಿಟ್ಟಿರಲಿಲ್ಲ.

“ಏನಯ್ಯಾ ಅಂದೆ?” ಅಂದರು. ದನಿ ಸಣ್ಣದಾಗಿತ್ತು. “ಈ ಪ್ಯಾಂಟು ಹಾಕ್ಕೊಂಡು ಕೆಟ್ಟುನಿಂತ ಬಸ್ಸನ್ನ ಏರು ರಸ್ತೇಲಿ ತಳ್ಳಿದ್ದೀನಿ. ತುಂಬಿದ ಬಸ್ಸು, ಗೊತ್ತಾಯ್ತಾ?”

“ಅದು ಆವಾಗ, ಯಜಮಾನ್ರೇ.”

ಮಾವನವರು ಕುರ್ಚಿಯ ಕೈ ಹಿಡಿದು ಎದ್ದು ನಿಂತರು. “ಅಳಿಯಂದಿರೇ, ನಾಳೆ ಬೆಳಿಗ್ಗೆ ಪಾರ್ಕು. ನೀವು ಆ ಗಿಣಿ ಅಂಗಿ ಹಾಕ್ಕೊಳ್ಳಿ. ನಾನು ಈ ಪ್ಯಾಂಟಲ್ಲೇ ಬರ್ತೀನಿ. ಪರೀಕ್ಷೆ ಆಗೇಹೋಗ್ಲಿ.”

ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕೈಯಿಂದ ಪೌಡರ್ ಡಬ್ಬಿ ಜಾರಿತು. ಅಂಗಡಿಯವನು ಹೋದ ಮೇಲೆ ಸಾಹೇಬರು ಹೆಂಡತಿಯನ್ನು ಅಡುಗೆಮನೆಗೆ ಕರೆದು, “ಮೇಡಂಗೆ ನಾಳೆಯೇ ನಿಜ ಹೇಳಿಬಿಡ್ತೀನಿ ಕಣೆ. ಇಲ್ಲದ ಆದೇಶ ಇದೆ ಅಂತ ಕೆಲಸ ಮಾಡಿದ್ರೆ ಸಸ್ಪೆಂಡ್ ಮಾಡ್ತಾರೆ” ಅಂದರು.

ಹೆಂಡತಿ ಅವರ ಕೈ ಹಿಡಿದುಕೊಂಡಳು. “ಅಪ್ಪ ಎದ್ದು ನಿಂತಿದ್ದನ್ನ ನೋಡಿದ್ರಲ್ಲ? ಪರೀಕ್ಷೆ ಇಲ್ಲ ಅಂದ್ರೆ ಮತ್ತೆ ಕೂತುಬಿಡ್ತಾರೆ. ರೀ, ಸ್ವಲ್ಪ ದಿನ... ಸ್ವಲ್ಪ ದಿನ ಸುಮ್ಮನಿರಿ.”

ಈ ದನಿ ಕೊನೆಯ ಬೆಂಚಿನವರೆಗೆ ಕೇಳುವಂಥದ್ದಾಗಿರಲಿಲ್ಲ. ಸಾಹೇಬರು ಸುಮ್ಮನಾದರು.

ಬೆಳಿಗ್ಗೆ ಪಾರ್ಕಿನಲ್ಲಿ ಒಂದು ಸಣ್ಣ ಜಾತ್ರೆಯೇ ನೆರೆದಿತ್ತು. ನಾಡಿ ನೋಡಲು ನರ್ಸಮ್ಮ, ನೀರಿನ ಬಾಟಲಿಗಳ ಜೊತೆ ಅಂಗಡಿಯವನು. ಈ ಸಲ ಸಾಹೇಬರ ಇಂದಿನ ಅಳತೆಯ ಅಂಗಿಯನ್ನೇ ತಂದುಕೊಟ್ಟಿದ್ದ. ಗುಟ್ಟು ಮೇಡಂಗೂ ಮುಟ್ಟಿರಬೇಕು, ಇದ್ದಕ್ಕಿದ್ದಂತೆ ಗೇಟಿನಲ್ಲಿ ಅವರು ಕಾಣಿಸಿಕೊಂಡರು, ಕೊರಳಲ್ಲಿ ಸೀಟಿ. “ನಾನು ಬಂದಿರೋದು ಖಾಸಗಿಯಾಗಿ. ನನ್ನನ್ನ ನೋಡಿಲ್ಲ ಅಂದ್ಕೊಳ್ಳಿ,” ಎಂದು ಎಲ್ಲರಿಗೂ ಕೇಳುವಂತೆ ಸಾಹೇಬರ ಕಿವಿಯಲ್ಲಿ ಹೇಳಿ, ಸೀಟಿ ಊದಿದರು.

ಸಾಹೇಬರು ಗಿಣಿಯಂತೆ ಹಾರಿದರು. ಮೊದಲ ಬೆಂಚಿನ ಹತ್ತಿರ ಬರುವಾಗ ಗಿಣಿಯ ನಾಲಿಗೆ ಹೊರಗೆ ಬಂದಿತ್ತು. ಮಾವನವರು ನಿಧಾನಕ್ಕೆ, ಮೊದಲನೇ ಗೇರಿನಲ್ಲಿ ಹೊರಟ ಬಸ್ಸಿನ ಹಾಗೆ ಬಂದರು. ಹಣೆಯ ಮೇಲೆ ಬೆವರಿತ್ತು. ಬಾಗಿದ ಮರವೊಂದರ ಹತ್ತಿರ ಅವರು ತಟ್ಟನೆ ನಿಂತರು. ಕೈ ಎದೆಯ ಮೇಲೆ ಹೋಯಿತು.

ಮೇಡಂ ಬಾಯಲ್ಲಿದ್ದ ಸೀಟಿ ಜಾರಿ ಕೊರಳಲ್ಲಿ ನೇತಾಡಿತು. ಸಾಹೇಬರು ಓಡಿಬಂದು ಮಾವನವರ ತೋಳು ಹಿಡಿದರು. ನರ್ಸಮ್ಮ ನಾಡಿ ಹಿಡಿದು, ಕಣ್ಣು ಮುಚ್ಚಿ ಎಣಿಸಿದರು. ಆಮೇಲೆ ಮೆಲ್ಲಗೆ ಹೇಳಿದರು: “ನಾಡಿ ಚೆನ್ನಾಗೇ ಇದೆ. ನೋವು ಏನಾದ್ರೂ ಇದ್ಯಾ?”

“ಇಲ್ಲ.”

“ಭಯ ಆಯ್ತಾ?”

ಮಾವನವರು ನೆಲ ನೋಡಿದರು. “ಹೂಂ.”

“ನಂಗೂ ಆಗ್ತಾ ಇದೆ ಮಾವ,” ಅಂದರು ಸಾಹೇಬರು ಏದುಸಿರು ಬಿಡುತ್ತ. “ನಂದು ಎದೆ ಅಲ್ಲ, ಕಿವಿ ಹೊಡ್ಕೊಳ್ತಾ ಇದೆ. ಬನ್ನಿ, ಕೂತ್ಕೊಳ್ಳೋಣ.”

ಇಬ್ಬರೂ ಬೆಂಚಿನ ಮೇಲೆ ಕುಳಿತರು. ಅಂಗಡಿಯವನು ನೀರು ಕೊಟ್ಟ. ಸ್ವಲ್ಪ ಹೊತ್ತಾದ ಮೇಲೆ ಮಾವನವರು ಅಳಿಯನ ತೊಡೆ ತಟ್ಟಿ ಎದ್ದರು. ಉಳಿದ ಸುತ್ತನ್ನು ಇಬ್ಬರೂ ಕೈ ಕೈ ಹಿಡಿದುಕೊಂಡು ಮುಗಿಸಿದರು. ‘ಸುಸ್ತನ್ನು ಹತ್ತಿರ ಬಿಡುವುದಿಲ್ಲ’ ಎಂಬ ಮಾತು ನಿಜವೇ ಎಂದು ಮೇಡಂ ಕೇಳಿದಾಗ ಸಾಹೇಬರಿಗೆ ಉತ್ತರಿಸುವಷ್ಟು ಉಸಿರು ಇರಲಿಲ್ಲ. ಅದನ್ನೇ ಉತ್ತರವೆಂದು ಮೇಡಂ ಅಂಗೀಕರಿಸಿದರು. ಆದರೆ ಒಂದೇ ದಿನಕ್ಕೆ ತೀರ್ಮಾನ ಮಾಡುವುದು ಅನ್ಯಾಯ, ಪರೀಕ್ಷೆ ದಿನಾ ನಡೆಯಬೇಕು ಎಂದು ಅಪ್ಪಣೆ ಮಾಡಿದರು. ಮಾವನವರಿಗೂ ಬೇಕಿದ್ದುದು ಅದೇ. ಅವತ್ತೇ ಮನೆಗೆ ಬಂದು ಪೊರಕೆಯ ಹಿಡಿಯಿಂದ ಮಂಚದ ಕೆಳಗಿನ ಚಪ್ಪಲಿ ಎಳೆದುಕೊಂಡರು.

ಮೇಡಂ ಯಾವುದನ್ನೂ ಅರ್ಧಕ್ಕೆ ಬಿಡುವವರಲ್ಲ. ಪೋಸ್ಟರಿನ ಪ್ರತಿಯೊಂದು ಮಾತೂ ಪರೀಕ್ಷೆಗೆ ಒಳಗಾಗಲೇಬೇಕಿತ್ತು. ‘ಸುಮ್ಮನೆ ಕೂತರೂ ಕೊಬ್ಬು ಕರಗಿಸುತ್ತದೆ’ ಅನ್ನುವುದಕ್ಕಾಗಿ ಸಾಹೇಬರು ಇಡೀ ದಿನ ಆ ಅಂಗಿಯಲ್ಲಿ, ಕೈಯಿರುವ ಕುರ್ಚಿಯಲ್ಲಿ, ಏನೂ ಮಾಡದೆ ಕೂರಬೇಕೆಂದು ಆಜ್ಞೆಯಾಯಿತು. ಸರ್ಕಾರಿ ಕಚೇರಿಯೊಂದರಲ್ಲಿ ಸುಮ್ಮನೆ ಕೂರುವುದು ಅಧಿಕೃತ ಕೆಲಸವಾದದ್ದು ಅದೇ ಮೊದಲಿರಬೇಕು. ಆದರೆ ಮೇಡಂ ಎದುರಿಗೇ ನಿಂತು ನೋಡುತ್ತಿದ್ದರೆ ಸುಮ್ಮನೆ ಕೂರುವುದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಮೂಗು ತುರಿಸಿದರೆ, “ಅದು ವ್ಯಾಯಾಮ, ನಿಲ್ಲಿಸಿ” ಅನ್ನುತ್ತಿದ್ದರು. ಪಾಪ ಅಂತ ಟೈಪಿಸ್ಟು ಬಿಸ್ಕತ್ತು ತಂದುಕೊಟ್ಟಳು. ಜವಾನ ಬಾಳೆಹಣ್ಣು ಕೊಟ್ಟ. ಲೆಕ್ಕಪತ್ರದವರು ತಮ್ಮ ಡಬ್ಬಿಯನ್ನೇ ಬಿಚ್ಚಿದರು. ಸಂಜೆ ತೂಕ ನೋಡಿದರೆ ಕೊಬ್ಬು ಕರಗುವುದಿರಲಿ, ಬಂಧುಬಳಗವನ್ನೂ ಕರೆದುಕೊಂಡು ಬಂದಿತ್ತು.

‘ವಿಜ್ಞಾನಿಗಳು ಪರೀಕ್ಷಿಸಿದ್ದು’ ಅನ್ನುವುದರ ಬಗ್ಗೆ ಅಂಗಡಿಯವನೇ ಎಲ್ಲರೆದುರು ಕಂಪನಿಗೆ ಫೋನು ಮಾಡಿದ. ಆ ಕಡೆಯಿಂದ ಬಹಳ ಹೊತ್ತು ಸಂಗೀತ ಕೇಳಿಸಿತು. ಆಮೇಲೆ, ವಿಜ್ಞಾನಿ ಅಂದರೆ ಮಾಲೀಕರ ಬಾಮೈದ, ಕಾಲೇಜಿನಲ್ಲಿ ವಿಜ್ಞಾನ ಓದಿದ್ದಾರೆ ಎಂದು ತಿಳಿಯಿತು. ಪಾಸಾಗಿದ್ದಾರಾ ಎಂದು ಮೇಡಂ ಕೇಳಿಸಿದರು. ಮತ್ತೆ ಸಂಗೀತ ಶುರುವಾಯಿತು. ಪರೀಕ್ಷೆ ಯಾರ ಮೇಲೆ ಮಾಡಿದ್ದು ಎಂದರೆ, ಅಂಗಡಿಗಳಲ್ಲಿ ನಿಲ್ಲಿಸುವ ಪ್ಲಾಸ್ಟಿಕ್ಕಿನ ಬೊಂಬೆಯ ಮೇಲೆ. ಬೊಂಬೆಗೆ ಸುಸ್ತಾಗಿರಲಿಲ್ಲ, ನಿಜ.

ಅಂಗಡಿಯವನ ಮುಖ ಸಪ್ಪಗಾಯಿತು. ಉಳಿದದ್ದು ಬೆವರು ಒಂದೇ. ನರ್ಸಮ್ಮ ಗಿಣಿ ಅಂಗಿಯನ್ನೂ ಮಾವನವರ ಹಳೆಯ ಹತ್ತಿ ಅಂಗಿಯನ್ನೂ ಒಂದೇ ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಒಂದೇ ತಂತಿಯ ಮೇಲೆ ಹರವಿದರು. ಎಲ್ಲರೂ ಎದುರಿಗೆ ಸಾಲಾಗಿ ನಿಂತರು. ಗಿಣಿ ಅಂಗಿ ನೋಡುನೋಡುತ್ತಿದ್ದಂತೆ ಒಣಗಿತು. ಹತ್ತಿಯದು ಇನ್ನೂ ತೊಟ್ಟಿಕ್ಕುತ್ತಲೇ ಇತ್ತು. ಮಾವನವರು ಎರಡನ್ನೂ ಮುಟ್ಟಿ ಮುಟ್ಟಿ ನೋಡಿ, “ಇದೊಂದು ನಿಜ ಕಣಯ್ಯಾ,” ಎಂದು ಒಪ್ಪಿಕೊಂಡರು. ಅಂಗಡಿಯವನು ಅವರ ಕೈ ಹಿಡಿದುಕೊಂಡು ಅತ್ತೇಬಿಟ್ಟ. ಅಷ್ಟು ಸುಳ್ಳುಗಳ ನಡುವೆ ಒಂದು ನಿಜವೂ ಅಂಗಡಿಯಲ್ಲಿತ್ತು ಅನ್ನುವುದು ಅವನಿಗೇ ಗೊತ್ತಿರಲಿಲ್ಲ.

ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮೇಡಂ, ತಮ್ಮ ಕಚೇರಿಯವರ ಕೆಲಸ ಮೇಲಿನವರಿಗೆ ತಿಳಿಯಲಿ ಎಂದು ಕೇಂದ್ರ ಕಚೇರಿಗೆ ಫೋನು ಮಾಡಿ, “ನೀವು ವಹಿಸಿದ ಕೆಲಸ ಮುಗೀತು” ಅಂದುಬಿಟ್ಟರು. ಏನೂ ವಹಿಸದೆ ಇದ್ದವರಿಗೆ ಕುತೂಹಲವಾಗದೆ ಇರುತ್ತದೆಯೇ? ಮರುದಿನ ಬೆಳಿಗ್ಗೆಯೇ ಪಾರ್ಕಿನ ಗೇಟಿನ ಮುಂದೆ ದೊಡ್ಡ ಕಾರು ನಿಂತಿತು. ಅದರಿಂದ ಕೇಂದ್ರ ಕಚೇರಿಯ ದೊಡ್ಡ ಸಾಹೇಬರು, ಕೋಟು, ಟೈ ಸಮೇತ, ಮರದ ಬೀರುವನ್ನು ಇಳಿಸಿದ ಹಾಗೆ ನೆಟ್ಟಗೆ ಇಳಿದರು.

“ತನಿಖೆ ಮಾಡಿ ಅಂತ ಯಾರ್ರೀ ಆದೇಶ ಕೊಟ್ಟಿದ್ದು?”

ಮೇಡಂ ಹೆಮ್ಮೆಯಿಂದ ಠಸ್ಸೆ ಸಾಹೇಬರ ಕಡೆ ತಿರುಗಿದರು. ಠಸ್ಸೆ ಸಾಹೇಬರು ಗಿಣಿ ಅಂಗಿಯಲ್ಲಿ, ಗಾಳಿ ಹೋದ ಬಲೂನಿನಂತೆ ನಿಂತರು. ಮಾವನವರನ್ನು ನೋಡಿದರು. ಮಾವನವರು ಬಾಗಿದ ಮರದ ಪಕ್ಕದಲ್ಲಿ, ಯಾವ ಆಧಾರವನ್ನೂ ಹಿಡಿಯದೆ ನಿಂತಿದ್ದರು. ಇನ್ನು ಹೇಳಬಹುದು ಅನ್ನಿಸಿತು.

“ಯಾರೂ ಕೊಟ್ಟಿಲ್ಲ ಸಾರ್. ಮೇಡಂ ‘ಮೇಲಿನಿಂದ ಬಂದದ್ದಾ’ ಅಂತ ಕೇಳಿದ್ರು. ನಾನು ತಲೆ ಮೇಲಿನಿಂದ ಅಂದ್ಕೊಂಡು ಹೌದು ಅಂದೆ. ಅಂಗಿ ಬಗ್ಗೆ. ಆಮೇಲೆ ಗೊತ್ತಾಯ್ತು. ಗೊತ್ತಾದ ಮೇಲೂ ಹೇಳಲಿಲ್ಲ. ತಪ್ಪು ನಂದೇ. ನಮ್ಮ ಮಾವ ನಡೀಲಿ ಅಂತ...”

ಮೇಡಂ ಮುಖ ಕೆಂಪಾಯಿತು, ಬಿಳುಪಾಯಿತು, ಆಮೇಲೆ ತನ್ನ ಬಣ್ಣಕ್ಕೇ ಬಂತು. ಎಲ್ಲರೂ ಕಾಯುತ್ತಿದ್ದ ಗುಡುಗು ಬರಲಿಲ್ಲ. ಅವರು ಒಂದು ಹೆಜ್ಜೆ ಮುಂದೆ ಬಂದು ಹೇಳಿದರು: “ಸಾರ್, ಆದೇಶ ಇರಲಿಲ್ಲ. ಆದರೆ ಪರೀಕ್ಷೆ ಸುಳ್ಳಲ್ಲ. ನಾನೇ ನಿಂತು ನೋಡಿದ್ದೀನಿ. ಶಿಕ್ಷೆ ಕೊಡೋದಾದ್ರೆ ನನ್ನ ಹೆಸರೂ ಸೇರಿಸಿ.”

“ಸಾರ್, ನಾನು ಪೋಸ್ಟರ್ ಕಿತ್ತುಹಾಕಿದ್ದೀನಿ,” ಅಂದ ಅಂಗಡಿಯವನು ನಡುವೆ ಬಾಯಿ ಹಾಕಿ. “ಈಗ ಬರೀ ‘ಈ ಅಂಗಿ ಬೇಗ ಒಣಗುತ್ತದೆ, ನಡೆಯುವ ಕೆಲಸ ನಿಮ್ಮದು’ ಅಂತ ಬೋರ್ಡು ಹಾಕಿದ್ದೀನಿ. ಮೊದಲಿಗಿಂತ ಜಾಸ್ತಿ ಜನ ಬರ್ತಾ ಇದ್ದಾರೆ. ಯಾಕೋ ಗೊತ್ತಿಲ್ಲ.”

ದೊಡ್ಡ ಸಾಹೇಬರು ಎಲ್ಲರನ್ನೂ ಒಮ್ಮೆ ದಿಟ್ಟಿಸಿ ನೋಡಿದರು. “ನೀವು ಬನ್ನಿ,” ಎಂದು ಠಸ್ಸೆ ಸಾಹೇಬರನ್ನು ದೂರದ ಪೊದೆಯ ಹಿಂದೆ ಕರೆದುಕೊಂಡು ಹೋದರು. ಸಸ್ಪೆನ್ಷನ್ನಿಗೆ ಪೊದೆ ಯಾಕೆ ಎಂದು ಉಳಿದವರಿಗೆ ಅರ್ಥವಾಗಲಿಲ್ಲ.

ಪೊದೆಯ ಹಿಂದೆ ದೊಡ್ಡ ಸಾಹೇಬರು ಟೈ ಸಡಿಲಿಸಿದರು. ಒಳಗೆ ಇಣುಕಿದ್ದು ಕಿತ್ತಳೆ ಬಣ್ಣದ ಅಂಗಿ, ಅದೇ ಕಂಪನಿಯದು. “ನಿನ್ನೆ ಬೆಳಿಗ್ಗೆ ಹಾಕ್ಕೊಂಡಿದ್ದು ರೀ,” ಅಂದರು, ಉಸಿರನ್ನು ಕಂತಿನಲ್ಲಿ ಬಿಡುತ್ತ. “ಆದೇಶದ ವಿಷಯ ಆಮೇಲೆ ನೋಡೋಣ. ಇದನ್ನ ಬಿಚ್ಚೋದು ಹೇಗೆ, ಮೊದಲು ಅದನ್ನ ಹೇಳಿ.”

ಠಸ್ಸೆ ಸಾಹೇಬರು ನರ್ಸಮ್ಮನನ್ನು ಕರೆದರು.

ಸಸ್ಪೆಂಡ್ ಮಾಡುವಷ್ಟು ಶಕ್ತಿ ದೊಡ್ಡ ಸಾಹೇಬರಲ್ಲಿ ಆಮೇಲೆ ಉಳಿದಿರಲಿಲ್ಲ. ಹೋಗುವಾಗ, ಇನ್ನು ಮುಂದೆ ಇಂಥ ಪರೀಕ್ಷೆಗೆ ಕೇಳಿಕೊಂಡೇ ಹೊರಡಬೇಕೆಂದೂ, ಕೇಳಿದರೆ ಇಲ್ಲವೆನ್ನುವುದಿಲ್ಲವೆಂದೂ ಹೇಳಿ, ಕಾರಿನಲ್ಲಿ ಸುಖವಾಗಿ ಬಾಗಿ ಕುಳಿತರು. ಮೇಡಂ ಕೆಲವು ದಿನ ಠಸ್ಸೆ ಸಾಹೇಬರ ಜೊತೆ ಮಾತು ಬಿಟ್ಟಿದ್ದರು. ಒಂದು ದಿನ ಅವರ ಮೇಜಿನ ಮುಂದೆ ನಿಂತು, “ಇನ್ನು ಮೇಲೆ ನಾನು ‘ಮೇಲಿನಿಂದ’ ಅಂದ್ರೆ, ಯಾವ ಮೇಲು ಅಂತ ತಿರುಗಿ ಕೇಳ್ರೀ” ಅಂದರು. ಅಂದವರು ತುಟಿ ಬಿಗಿಹಿಡಿದು ಬೇಗಬೇಗ ತಮ್ಮ ಕೋಣೆಗೆ ಹೋದರು. ಒಳಗಿನಿಂದ ನಗು ಕೇಳಿಸಿತು ಎಂದು ಜವಾನ ಪ್ರಮಾಣ ಮಾಡಿ ಹೇಳಿದ.

ಪರೀಕ್ಷೆ ಮುಗಿದರೂ ಬೆಳಗಿನ ನಡಿಗೆ ನಿಲ್ಲಲಿಲ್ಲ. ಹೀಗಿರುವಾಗ ಒಂದು ರಜೆಯ ದಿನ ಠಸ್ಸೆ ಸಾಹೇಬರು ಏಳುವುದು ತಡವಾಯಿತು. ಎದ್ದು ನೋಡಿದರೆ ಮಾವನವರಿಲ್ಲ. ಪಾರ್ಕಿನಲ್ಲೂ ಇಲ್ಲ. ಹೆಂಡತಿ ಗಾಬರಿಯಾದಳು. “ಎಲ್ಲಾದ್ರೂ ಬಿದ್ದುಗಿದ್ದಿದ್ರೆ?” ನರ್ಸಮ್ಮ ಆಸ್ಪತ್ರೆಗೆ ಫೋನು ಮಾಡಿದರು. ಅಂಗಡಿಯವನು ಅಂಗಡಿ ಬಾಗಿಲು ಎಳೆದುಕೊಂಡು ಒಂದು ದಿಕ್ಕಿಗೆ ಓಡಿದ. ಠಸ್ಸೆ ಸಾಹೇಬರು ಇನ್ನೊಂದು ದಿಕ್ಕಿಗೆ ಓಡಿದರು. ಅವರು ಹಾಕಿಕೊಂಡಿದ್ದುದು ಮಲಗುವಾಗಿನ ಪೈಜಾಮ. ಅದರಲ್ಲಿ ಎಷ್ಟು ದೂರ ಓಡಿದೆ ಅನ್ನುವುದು ಅವರಿಗೆ ಆಗ ಹೊಳೆಯಲೂ ಇಲ್ಲ.

ಮಾರ್ಕೆಟ್ಟು ದಾಟಿ, ರೈಲು ಸೇತುವೆ ದಾಟಿ, ಬಸ್ ಡಿಪೋದ ಹತ್ತಿರ ಬಂದಾಗ ಪರಿಚಯದ ದನಿ ಕೇಳಿಸಿತು. ಡಿಪೋದ ಅಂಗಳದಲ್ಲಿ ಮಾವನವರು ತರುಣ ಡ್ರೈವರೊಬ್ಬನನ್ನು ನಿಲ್ಲಿಸಿಕೊಂಡು, ಇಳಿಜಾರಿನಲ್ಲಿ ಬ್ರೇಕು ಹೇಗೆ ಒತ್ತಬೇಕು ಎಂದು ತಮ್ಮ ಬಲಗಾಲನ್ನು ಎತ್ತಿ ಎತ್ತಿ ತೋರಿಸುತ್ತಿದ್ದರು. ಆ ಹುಡುಗನೂ ಕಾಲೆತ್ತಿ ನಿಂತಿದ್ದ. ಸುತ್ತ ಕಂಡಕ್ಟರುಗಳು ನಗುತ್ತಿದ್ದರು.

“ಮಾವ! ಹೇಳದೆ ಕೇಳದೆ ಇಷ್ಟು ದೂರ...”

“ಎಬ್ಬಿಸೋಣ ಅಂತ ಬಂದೆ. ಗೊರಕೆ ಹೊಡೀತಾ ಇದ್ರಿ. ನಮ್ಮ ಹಳೇ ಜನ ಯಾರಾದ್ರೂ ಸಿಗ್ತಾರೇನೋ ನೋಡೋಣ ಅಂತ ಹೊರಟೆ. ಸಿಕ್ಕಿದ್ರು,” ಅಂದರು ಮಾವನವರು. ಮುಖದಲ್ಲಿ ಬೆವರು, ಕಣ್ಣಲ್ಲಿ ಬೆಳಕು.

“ಸರಿ, ಬನ್ನಿ, ಬಸ್ಸಲ್ಲಿ ಹೋಗೋಣ. ನಂಗೆ ಕಾಲು ಎತ್ತೋಕಾಗ್ತಾ ಇಲ್ಲ.”

“ಬಸ್ಸಾ?” ಮಾವನವರು ಅವರನ್ನು ಕರುಣೆಯಿಂದ ನೋಡಿದರು. “ಜೀವಮಾನವೆಲ್ಲ ಬಸ್ಸಲ್ಲೇ ಕೂತಿದ್ದೆ ಅಳಿಯಂದಿರೇ. ಈ ಊರಿನ ರಸ್ತೆ ಕಾಲಿಗೆ ಹೇಗಿರತ್ತೆ ಅಂತ ಗೊತ್ತೇ ಇರಲಿಲ್ಲ. ನಡೀರಿ.”

ಅಷ್ಟು ಹೇಳಿ, ಹುಡುಗನ ಬೆನ್ನು ತಟ್ಟಿ ಹೊರಟೇಬಿಟ್ಟರು. ಠಸ್ಸೆ ಸಾಹೇಬರು ಹಿಂದೆ ಹಿಂದೆ ಬಂದರು. ಸೇತುವೆಯ ಏರಿನಲ್ಲಿ ನಿಂತು, ಕಂಬಿ ಹಿಡಿದು ಏದುಸಿರು ಬಿಟ್ಟರು. ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಹೆಂಡತಿ.

“ಸಿಕ್ಕಿದ್ರಾ ರೀ?”

“ಸಿಕ್ಕಿದ್ರು ಕಣೆ. ಮನೆಗೇ ಬರ್ತಾ ಇದ್ದೀವಿ.”

“ಹೇಗಿದ್ದಾರೆ ಅಪ್ಪ?”

ಠಸ್ಸೆ ಸಾಹೇಬರು ತಲೆಯೆತ್ತಿ ನೋಡಿದರು. ಸೇತುವೆಯ ಆ ತುದಿಯಲ್ಲಿ ಖಾಕಿ ಪ್ಯಾಂಟಿನವರೊಬ್ಬರು ಕೈ ಬೀಸಿಕೊಂಡು ಇಳಿಯುತ್ತಿದ್ದರು.

“ಮುಂದಿದ್ದಾರೆ,” ಅಂದರು.